ಭಾವನ ಕಾರ್ಡು, ತಮ್ಮನ ಸ್ಕೋರು

ಪ್ರಶ್ನೆ: ನಾವು ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿದ್ದೇವೆ. ಮೂಲ ಹಾಸನದ ಕಡೆ. ನನ್ನವರು 2012ರಲ್ಲಿ ಇಲ್ಲಿಗೆ ಬಂದವರು. ನಾನು ಮದುವೆಯಾಗಿ ಎಚ್-4 ವೀಸಾದಲ್ಲಿ ಬಂದೆ. ಕೆಲವು ವರ್ಷ ಮನೆಯಲ್ಲೇ ಇದ್ದು, ಕೆಲಸದ ಪರ್ಮಿಟ್ ಸಿಕ್ಕಮೇಲೆ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನ ಒಂದು ಕಂಪನಿ ಸೇರಿದೆ. ಸೋಶಿಯಲ್ ಸೆಕ್ಯುರಿಟಿ ನಂಬರ್ ಬಂದ ಕೂಡಲೇ ನನ್ನವರು ತಮ್ಮ ಹಳೆಯ ಕ್ರೆಡಿಟ್ ಕಾರ್ಡಿಗೆ ನನ್ನನ್ನು ಆಥರೈಸ್ಡ್ ಯೂಸರ್ ಆಗಿ ಸೇರಿಸಿದರು. ಕೆಲವೇ ತಿಂಗಳಲ್ಲಿ ನನಗೂ ಒಳ್ಳೆಯ ಸ್ಕೋರ್ ಬಂತು. ನನ್ನ ಹೆಸರಿನಲ್ಲೇ ಇನ್ನೊಂದು ಕಾರ್ಡ್ ಬೇಕೆಂದು ಇಲ್ಲಿಯವರೆಗೆ ಅನ್ನಿಸಿಲ್ಲ.

ನನ್ನ ತಮ್ಮ ರಾಲಿಯಲ್ಲಿ ಎಂ.ಎಸ್. ಮುಗಿಸಿ ಈಗ ಕೆಲಸಕ್ಕೆ ಸೇರಿದ್ದಾನೆ. ಕಾರ್ ಕೊಳ್ಳಬೇಕು. ಕ್ರೆಡಿಟ್ ಹಿಸ್ಟರಿ ಇಲ್ಲವೆಂದು ಬಡ್ಡಿ ವಿಪರೀತ ಹೇಳುತ್ತಿದ್ದಾರೆ. "ಅಕ್ಕಾ, ನಿಮ್ಮ ಕಾರ್ಡಿಗೆ ಎರಡು ತಿಂಗಳು ನನ್ನನ್ನು ಸೇರಿಸಿ, ಲೋನ್ ಆದಮೇಲೆ ತೆಗೆದುಬಿಡಿ" ಅನ್ನುತ್ತಾನೆ. ನನ್ನವರು ಒಪ್ಪುತ್ತಿಲ್ಲ. "ನಾನು ಬಂದಾಗ 500 ಡಾಲರ್ ಠೇವಣಿ ಇಟ್ಟು ಕಾರ್ಡ್ ತಗೊಂಡೆ, ಅವನೂ ಹಾಗೇ ಮಾಡಲಿ. ಇದು ಬ್ಯಾಂಕಿಗೆ ಮಾಡೋ ಮೋಸ" ಎನ್ನುತ್ತಾರೆ. ನನ್ನನ್ನು ಸೇರಿಸುವಾಗ ಇಲ್ಲದ ನೀತಿ ನನ್ನ ತಮ್ಮನ ವಿಷಯಕ್ಕೆ ಎಲ್ಲಿಂದ ಬಂತು? ಊರಿನಿಂದ ಅಮ್ಮ ಫೋನ್ ಮಾಡಿ "ಒಬ್ಬ ತಮ್ಮನಿಗೆ ಅಷ್ಟೂ ಮಾಡಲಾರೆಯಾ?" ಎಂದು ಕೇಳಿದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಇದರ ಮೇಲೆ ತಮ್ಮನ ರೂಮ್‌ಮೇಟ್‌ಗಳಿಬ್ಬರು "ಅಕ್ಕಾ, ನಮ್ಮನ್ನೂ ಸೇರಿಸಿ, ತಲಾ 500 ಡಾಲರ್ ಕೊಡ್ತೀವಿ" ಅಂದಿದ್ದಾರೆ. ಇದರಲ್ಲಿ ಸರಿ ಯಾವುದು, ತಪ್ಪು ಯಾವುದು?
— ಹೆಸರು ಬೇಡ, ಡರ್ಹಮ್

ಉತ್ತರ: ಮೊದಲಿಗೆ, ಆ ಕಾರ್ಡ್ ನಿಮ್ಮ ಯಜಮಾನರದು. ನೀವು ಅದರಲ್ಲಿ ಖರ್ಚು ಮಾಡಬಹುದು, ಆದರೆ ಬ್ಯಾಂಕಿಗೆ ಹಣ ಕಟ್ಟುವ ಹೊಣೆ ಪೂರ್ತಿಯಾಗಿ ಅವರದು. ಇನ್ನೊಬ್ಬರನ್ನು ಸೇರಿಸಬೇಕಾದವರೂ ಅವರೇ. ತಮ್ಮ ಕೇಳಿದ್ದು ನಿಮ್ಮನ್ನು, ತಾಯಿ ಹೇಳಿದ್ದು ನಿಮಗೆ, ಆ ಹುಡುಗರು ಬಂದದ್ದೂ ನಿಮ್ಮ ಹತ್ತಿರ. ಹೊಣೆ ಹೊರಬೇಕಾದ ಮನುಷ್ಯನನ್ನು ಯಾರೂ ಎದುರು ಕೂತು ಕೇಳಿಲ್ಲ. ನೀವು ನಡುವೆ ನಿಂತು ಎರಡೂ ಕಡೆಯ ಮಾತು ಹೊರುತ್ತಿದ್ದೀರಿ. ಅವತ್ತು ನಿದ್ದೆ ಕೆಟ್ಟದ್ದು ಇದಕ್ಕೇ ಇರಬೇಕು. ಒಂದು ಭಾನುವಾರ ತಮ್ಮನನ್ನು ಊಟಕ್ಕೆ ಕರೆಯಿರಿ. ತನ್ನ ಸಂಬಳ ಎಷ್ಟು, ಬಾಡಿಗೆ ಎಷ್ಟು, ಕಾರಿನ ಕಂತು ಎಷ್ಟು ಬರುತ್ತದೆ ಎಂಬುದನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಅವನೇ ಬಂದು ಭಾವನನ್ನು ಕೇಳಲಿ. ಕೇಳುವವನು ತಾನೇ ಬಾಯಿಬಿಟ್ಟು ಕೇಳಿದರೆ, "ಆಗಲ್ಲ" ಎಂಬ ಉತ್ತರ ಬಂದರೂ ಸಂಬಂಧ ಕೆಡುವುದಿಲ್ಲ.

ಇನ್ನು ನಿಮ್ಮನ್ನು ನಿಜಕ್ಕೂ ನೋಯಿಸಿದ ಮಾತಿಗೆ ಬರುತ್ತೇನೆ. ನಿಮ್ಮನ್ನು ಸೇರಿಸುವಾಗ ಮೋಸ ಅನ್ನಿಸದ್ದು ತಮ್ಮನ ವಿಷಯದಲ್ಲಿ ಯಾಕೆ ಮೋಸ ಅನ್ನಿಸಿತು? ನಿಮ್ಮ ತವರಿನವರನ್ನು ಹೊರಗಿನವರಂತೆ ಕಂಡರು ಎಂದು ನಿಮಗೆ ಅನ್ನಿಸಿದೆ. ಆದರೆ ಎರಡರ ನಡುವೆ ವ್ಯತ್ಯಾಸ ಇದೆ, ಅದಕ್ಕೊಂದು ಚರಿತ್ರೆಯೂ ಇದೆ. 1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಮದುವೆಯಾದ ಹೆಣ್ಣಿಗೆ ತನ್ನದೇ ಹೆಸರಿನಲ್ಲಿ ಸಾಲ ಸಿಗುವುದು ಬಹಳ ಕಷ್ಟವಿತ್ತು. ಗಂಡನ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿ, ತಿಂಗಳು ತಿಂಗಳು ಬಿಲ್ ಕಟ್ಟಿದ ಹೆಂಗಸು ವಿಧವೆಯಾದರೆ, ಇಲ್ಲವೇ ವಿಚ್ಛೇದನವಾದರೆ, ಬ್ಯಾಂಕಿನ ಕಣ್ಣಿಗೆ ಯಾರೂ ಅಲ್ಲದವಳಾಗುತ್ತಿದ್ದಳು. 1974ರ ಈಕ್ವಲ್ ಕ್ರೆಡಿಟ್ ಆಪರ್ಚುನಿಟಿ ಕಾಯ್ದೆ ಬಂದದ್ದು ಈ ಅನ್ಯಾಯ ನಿಲ್ಲಿಸಲು. ಗಂಡ ಹೆಂಡತಿ ಇಬ್ಬರೂ ಬಳಸುವ ಖಾತೆಯ ಇತಿಹಾಸ ಇಬ್ಬರ ಹೆಸರಿನಲ್ಲೂ ದಾಖಲಾಗಬೇಕು ಎಂಬ ನಿಯಮ ಅದರ ಅಡಿಯಲ್ಲಿ ಬಂತು. ಹೆಚ್ಚಿನ ಬ್ಯಾಂಕುಗಳು ಸೇರಿಸಿಕೊಂಡವರು ಹೆಂಡತಿಯೋ, ಮಗನೋ, ಪಕ್ಕದ ಮನೆಯವರೋ ಎಂದು ಬೇರೆ ಮಾಡುವ ಗೋಜಿಗೆ ಹೋಗದೆ ಎಲ್ಲರ ಹೆಸರನ್ನೂ ಸಾಲದ ದಾಖಲೆ ಇಡುವ ಕ್ರೆಡಿಟ್ ಬ್ಯೂರೋಗಳಿಗೆ ಕಳಿಸತೊಡಗಿದವು. ನಿಮ್ಮ ತಮ್ಮ ಇವತ್ತು ಒಳಗೆ ಬರಲು ನೋಡುತ್ತಿರುವುದು ಈ ಬಾಗಿಲಿನಿಂದ.

ಹಾಗಾದರೆ ನಿಮ್ಮನ್ನು ಸೇರಿಸಿದ್ದು ಕಾನೂನಿನ ಅಕ್ಷರಕ್ಕೂ ಸರಿ, ಆಶಯಕ್ಕೂ ಸರಿ. ನಿಮ್ಮ ಮನೆಯ ಖರ್ಚು ಒಂದೇ, ಶಿಸ್ತು ಒಂದೇ. ದಿನಸಿ ತಂದವರು ನೀವಾದರೆ ಬಿಲ್ ಕಟ್ಟಿದವರು ಅವರು. ಆ ಸ್ಕೋರಿನಲ್ಲಿ ನಿಮ್ಮ ಪಾಲಿನ ನಿಜ ಇದೆ. ತಮ್ಮನ ವಿಷಯದಲ್ಲಿ ಆ ನಿಜ ಇನ್ನೂ ಹುಟ್ಟಿಲ್ಲ. ನಿಮ್ಮ ಯಜಮಾನರಿಗೆ ಕಂಡದ್ದು ಇದು, ಹೇಳುವ ರೀತಿ ಒರಟಾಯಿತು.

ಆದರೂ ಮೋಸ ಎಂಬ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಅಣ್ಣತಮ್ಮಂದಿರನ್ನು, ಮಕ್ಕಳನ್ನು ಆಥರೈಸ್ಡ್ ಯೂಸರ್ ಆಗಿ ಸೇರಿಸುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಬ್ಯಾಂಕುಗಳೇ ಅದಕ್ಕೆ ಅವಕಾಶ ಕೊಡುತ್ತವೆ. ಕ್ರೆಡಿಟ್ ವರದಿಯಲ್ಲಿ ಆ ಖಾತೆಯ ಎದುರು ಆಥರೈಸ್ಡ್ ಯೂಸರ್ ಎಂದೇ ನಮೂದಾಗಿರುತ್ತದೆ. ಸಾಲ ಕೊಡುವವನು ವರದಿ ತೆರೆದು ನೋಡಿದರೆ ಇದು ಇವನ ಸ್ವಂತ ಖಾತೆಯಲ್ಲ ಎಂದು ಗೊತ್ತಾಗುತ್ತದೆ. ಮುಚ್ಚಿಟ್ಟದ್ದು ಏನೂ ಇಲ್ಲ. ಫೀಕೋ ಸ್ಕೋರ್ ಲೆಕ್ಕ ಹಾಕುವ ಕಂಪನಿ 2007ರಲ್ಲಿ ಇಂಥ ಖಾತೆಗಳನ್ನು ಹೊಸ ಲೆಕ್ಕದಿಂದ ಪೂರ್ತಿ ಕೈಬಿಡುತ್ತೇವೆ ಎಂದು ಪ್ರಕಟಿಸಿತ್ತು, ಕಾರ್ಡುಗಳಲ್ಲಿ ಜಾಗ ಮಾರುವ ದಂಧೆ ಅಷ್ಟು ಬೆಳೆದಿತ್ತು. ಆದರೆ ಹಾಗೆ ಮಾಡಿದರೆ ನಿಮ್ಮಂಥ ಹೆಂಡತಿಯರಿಗೂ ಪೆಟ್ಟು ಬೀಳುತ್ತಿತ್ತು. 2008ರಲ್ಲಿ ಕಂಪನಿ ಆ ನಿರ್ಧಾರ ಹಿಂತೆಗೆದುಕೊಂಡು, ನಿಜವಾದ ಮನೆಯವರನ್ನು ಉಳಿಸಿಕೊಂಡು ಬಾಡಿಗೆಯವರ ಪ್ರಭಾವ ತಗ್ಗಿಸುವ ಲೆಕ್ಕ ತರುತ್ತೇವೆ ಎಂದಿತು.

ಇಷ್ಟು ಕಾನೂನಿನ ಮಾತು. ನೀವು ಕೇಳಿದ್ದು ನೀತಿಯ ಪ್ರಶ್ನೆ. ಕ್ರೆಡಿಟ್ ಸ್ಕೋರ್ ಎಂದರೆ ಮುಖ ನೋಡದ ಒಬ್ಬ ಸಾಲದಾತನಿಗೆ ಕೊಡುವ ಸಾಕ್ಷಿ. "ಈ ಮನುಷ್ಯ ಹೇಳಿದ ದಿನಕ್ಕೆ ಹಣ ಕಟ್ಟಿದ್ದಾನೆ" ಎಂದು ಅದು ಹೇಳುತ್ತದೆ. ಫೀಕೋ ಲೆಕ್ಕದಲ್ಲಿ ಸಮಯಕ್ಕೆ ಕಟ್ಟಿದ ಇತಿಹಾಸಕ್ಕೆ ಶೇಕಡಾ 35ರ ತೂಕ, ಸಾಲ ಎಷ್ಟು ಉಳಿದಿದೆ ಎಂಬುದಕ್ಕೆ ಶೇಕಡಾ 30, ಖಾತೆಗಳ ವಯಸ್ಸಿಗೆ ಶೇಕಡಾ 15. ನಿಮ್ಮ ಯಜಮಾನರು ವರ್ಷಗಟ್ಟಲೆ ತಪ್ಪದೆ ಕಟ್ಟಿದ ಇತಿಹಾಸ ತಮ್ಮನ ಹೆಸರಿಗೆ ಬಂದು ಕೂತರೆ, ಅವರ ಸಾಕ್ಷಿ ಅವನ ಬಾಯಲ್ಲಿ ಕೇಳಿಸುತ್ತದೆ. ಕಾರಿಗೆ ಸಾಲ ಕೊಟ್ಟವನು ಭಾವನ ಶಿಸ್ತನ್ನು ನಂಬಿ ಹಣ ಕೊಟ್ಟಿರುತ್ತಾನೆ. ಕಂತು ತಪ್ಪಿದರೆ ಮಾತ್ರ ಅವನು ಭಾವನ ಹತ್ತಿರ ಬರುವ ಹಾಗಿಲ್ಲ. ನಷ್ಟ ಅವನದೇ. ನೀತಿಯ ತೊಡಕು ಇರುವುದು ಇಲ್ಲಿ.

ನಮ್ಮ ಕಡೆ ಜಾಮೀನು ಹಾಕುವವರಿಗೆ ಈ ತೊಡಕು ಇರಲಿಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರ ಸಂಘ ಹುಟ್ಟಿತು. ಅದಕ್ಕೆ ಆಧಾರವಾದ 1904ರ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಒಬ್ಬ ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಹಾಗಾಗಿ ಪಕ್ಕದ ಹೊಲದವನು ಸಾಲ ಕೇಳಿದಾಗ ಅವನ ಬೆಳೆ ಹೇಗಿದೆ, ಮನೆಯಲ್ಲಿ ಮದುವೆ ಇದೆಯೇ, ಇಸ್ಪೀಟಿನ ಚಟ ಇದೆಯೇ ಎಂದು ನೋಡಿಯೇ ಒಪ್ಪುತ್ತಿದ್ದರು. ಹೆಸರು ಕೊಟ್ಟವನು ಭಾರವನ್ನೂ ಹೊರುತ್ತಿದ್ದ. ಅಮೆರಿಕದ ಈ ವ್ಯವಸ್ಥೆಯಲ್ಲಿ ಭಾರ ಹೊರದೆಯೂ ಹೆಸರು ಕೊಡಬಹುದು. ಕಾನೂನು ಕೇಳದಿದ್ದರೂ ಆ ಭಾರವನ್ನು ಮನಸ್ಸಿನಲ್ಲಿ ಹೊರಲು ಸಿದ್ಧರಿದ್ದವರು ಮಾತ್ರ ಹೆಸರು ಕೊಡಬೇಕು ಎಂಬುದು ನನ್ನ ನಿಲುವು. ನಿಮ್ಮ ಯಜಮಾನರು ತಮ್ಮನ್ನು ತಾವು ಹೀಗೆ ಕೇಳಿಕೊಳ್ಳಲಿ: "ಇವನಿಗೆ ಕೆಲಸ ಹೋಗಿ ಮೂರು ಕಂತು ನಿಂತರೆ, ನಾನು ಕೈಯಿಂದ ಕಟ್ಟುತ್ತೇನೆಯೇ?" ಹೌದು ಎಂದಾದರೆ ಸೇರಿಸಲಿ, ಅದರಲ್ಲಿ ತಪ್ಪಿಲ್ಲ. ಇಲ್ಲ ಎಂದಾದರೆ, ತನಗೇ ಇಲ್ಲದ ನಂಬಿಕೆಯನ್ನು ಅಪರಿಚಿತ ಸಾಲದಾತನಿಗೆ ದಾಟಿಸಿದಂತಾಗುತ್ತದೆ. ಆಗ ಬೇಡ.

ತಮ್ಮನ ಕೋರಿಕೆಯಲ್ಲಿ ನನಗೆ ಒಪ್ಪಿಗೆಯಾಗದ ಭಾಗ "ಎರಡು ತಿಂಗಳು, ಆಮೇಲೆ ತೆಗೆದುಬಿಡಿ" ಎಂಬುದು. ಹುಡುಗ ಕೆಟ್ಟವನೆಂದು ಹೇಳುತ್ತಿಲ್ಲ. ಇಲ್ಲಿ ಎಲ್ಲರೂ ಹೀಗೇ ಹೇಳಿಕೊಡುತ್ತಾರೆ. ಆದರೆ ಸಾಲ ಮಂಜೂರಾಗುವ ದಿನ ಕಾಣಿಸಿ, ಮರುದಿನ ಮಾಯವಾಗುವ ಇತಿಹಾಸ ಸಾಲದಾತನ ಕಣ್ಣಿಗೆಂದೇ ಕಟ್ಟಿದ ವೇಷ. ಸೇರಿಸುವುದಾದರೆ ವರ್ಷ ಎರಡು ವರ್ಷ ಇಟ್ಟುಕೊಳ್ಳಿ, ಅಷ್ಟರಲ್ಲಿ ಅವನ ಸ್ವಂತ ಇತಿಹಾಸ ಬೆಳೆಯಲಿ. ಕಾರ್ಡನ್ನು ಅವನ ಕೈಗೆ ಕೊಡಲೇಬೇಕೆಂದೇನೂ ಇಲ್ಲ, ಹೆಸರು ಸೇರಿದರೆ ಸಾಕು. ಕೊಟ್ಟರೆ ಅವನು ಮಾಡಿದ ಖರ್ಚನ್ನು ಆಯಾ ತಿಂಗಳೇ ಭಾವನಿಗೆ ಕಟ್ಟಲಿ, ಆಗ ಆ ದಾಖಲೆಯಲ್ಲಿ ಅವನ ಪಾಲಿನ ನಿಜವೂ ಸೇರುತ್ತದೆ. ಮುಂದೆ ಮನೆಸಾಲದ ಹೊತ್ತಿಗೆ ಇದು ಉಪಯೋಗಕ್ಕೂ ಬರುತ್ತದೆ. ಮನೆಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮ ನೋಡಿ. ಅಧಿಕಾರಿ ಕೈಯಾರೆ ಪರಿಶೀಲಿಸುವ ಸಾಲದಲ್ಲಿ ಆಥರೈಸ್ಡ್ ಯೂಸರ್ ಖಾತೆಯನ್ನು ಲೆಕ್ಕಕ್ಕೆ ಹಿಡಿಯಬೇಕಾದರೆ ಅದು ಗಂಡ ಅಥವಾ ಹೆಂಡತಿಯದಾಗಿರಬೇಕು, ಇಲ್ಲವೇ ಸಾಲದ ಜೊತೆ ಅರ್ಜಿದಾರನದಾಗಿರಬೇಕು, ಅದೂ ಇಲ್ಲದಿದ್ದರೆ 12 ತಿಂಗಳು ಅದರ ಬಿಲ್ ತಾನೇ ಕಟ್ಟಿದ್ದಕ್ಕೆ ದಾಖಲೆ ತೋರಿಸಬೇಕು. ಯಾರು ಕಟ್ಟಿದರೋ ಅವರಿಗೆ ಸಾಕ್ಷಿ ಸೇರಬೇಕು ಎಂಬ ನಿಮ್ಮ ಯಜಮಾನರ ಮಾತನ್ನೇ ಆ ನಿಯಮವೂ ಹೇಳುತ್ತದೆ. ಸಾಲದ ಅರ್ಜಿಯಲ್ಲಿ ಈ ಖಾತೆಯ ಬಗ್ಗೆ ಏನೇ ಕೇಳಿದರೂ ತಮ್ಮ ನಿಜವನ್ನೇ ಬರೆಯಲಿ. ಬ್ಯಾಂಕಿಗೆ ಗೊತ್ತಿದ್ದೂ ಸುಳ್ಳು ಬರೆದುಕೊಡುವುದು ಈ ದೇಶದಲ್ಲಿ ಫೆಡರಲ್ ಅಪರಾಧ.

ಅಪಾಯ ಎರಡೂ ಕಡೆಗೆ ಇದೆ ಎಂಬುದನ್ನೂ ಅವನಿಗೆ ಹೇಳಿ. ನಿಮ್ಮ ಮನೆಯಲ್ಲಿ ಒಂದು ತಿಂಗಳು ಆಸ್ಪತ್ರೆಯ ಬಿಲ್ಲೋ ಊರಿನ ಟಿಕೆಟ್ಟೋ ಆ ಕಾರ್ಡಿನ ಮಿತಿಯ ಹತ್ತಿರಕ್ಕೆ ಹೋದರೆ, ಅವನ ಸ್ಕೋರೂ ಕುಸಿಯುತ್ತದೆ.

ರೂಮ್‌ಮೇಟ್‌ಗಳ ವಿಷಯಕ್ಕೆ ಹೆಚ್ಚು ಯೋಚನೆ ಬೇಕಿಲ್ಲ. ಬೇಡ. ಅವರು ಒಳ್ಳೆಯ ಹುಡುಗರೇ ಇರಬಹುದು. ಆದರೆ ಅವರ ಸಂಬಳ ನಿಮಗೆ ಗೊತ್ತಿಲ್ಲ, ಸಾಲ ಗೊತ್ತಿಲ್ಲ, ಸ್ವಭಾವ ಗೊತ್ತಿಲ್ಲ. ಗೊತ್ತಿಲ್ಲದವರ ಪರವಾಗಿ ದುಡ್ಡು ತೆಗೆದುಕೊಂಡು ಸಾಕ್ಷಿ ಹೇಳುವುದು ಯಾವ ಊರಿನಲ್ಲೂ ಮರ್ಯಾದೆಯ ಕೆಲಸವಲ್ಲ. ಇದನ್ನೇ ವ್ಯಾಪಾರ ಮಾಡಿಕೊಂಡ ಕಂಪನಿಗಳಿವೆ. ಹಳೆಯ ಕಾರ್ಡುಗಳಲ್ಲಿ ಜಾಗ ಹಿಡಿದು, ಟ್ರೇಡ್‌ಲೈನ್ ಎಂಬ ಹೆಸರಿನಲ್ಲಿ ಮಾರುತ್ತವೆ. ಕೊಲೊರಾಡೋದ ಬೂಸ್ಟ್‌ಮೈಸ್ಕೋರ್ ಎಂಬ ಇಂಥ ಒಂದು ಕಂಪನಿಯ ಮೇಲೆ ಫೆಡರಲ್ ಟ್ರೇಡ್ ಕಮಿಷನ್ 2020ರಲ್ಲಿ ಮೊಕದ್ದಮೆ ಹೂಡಿತು. ಸ್ಕೋರ್ ಏರುತ್ತದೆಂದು ಸುಳ್ಳು ಭರವಸೆ ಕೊಟ್ಟು, ಮುಂಗಡವಾಗಿ ಹಣ ವಸೂಲು ಮಾಡಿತೆಂಬುದು ಆರೋಪ. ಬ್ಯಾಂಕಿಗೆ ಸಂಶಯ ಬಂದರೆ ನಿಮ್ಮ ಯಜಮಾನರ ಹಳೆಯ ಖಾತೆಯನ್ನೇ ಮುಚ್ಚಬಹುದು. ವರ್ಕ್ ವೀಸಾದ ಮೇಲೆ ನಿಂತಿರುವ ಮನೆಗೆ ಇಂಥ ಪಕ್ಕದ ಗಳಿಕೆ ಹೊಸ ತೊಂದರೆಗಳನ್ನು ತಂದೀತು. ಈ ಅಪಾಯಗಳು ಒಂದೂ ಇಲ್ಲದಿದ್ದರೂ ನನ್ನ ಉತ್ತರ ಇದೇ ಆಗಿರುತ್ತಿತ್ತು. ಆ ಹುಡುಗರನ್ನು ಬೇಕಾದರೆ ಊಟಕ್ಕೆ ಕರೆಯಿರಿ, ಸ್ವಂತ ಕಾರ್ಡ್ ತೆಗೆಯುವ ದಾರಿ ತೋರಿಸಿ.

ಇಲ್ಲಿ ಒಂದು ಮಾತು ಸೇರಿಸಬೇಕು, ಯಾಕೆಂದರೆ ನೀವಿರುವುದು ಡರ್ಹಮ್‌ನಲ್ಲಿ. ನಿಮ್ಮ ತಮ್ಮನಿಗೆ ಬೇಡವೆಂದರೂ ಒಬ್ಬ ಭಾವ ಇದ್ದಾನೆ, ಹಳೆಯ ಕಾರ್ಡ್ ಇದೆ. ಅದೇ ಊರಿನಲ್ಲಿ ಅದಿಲ್ಲದವರು ತಲೆಮಾರುಗಳಿಂದ ಇದ್ದಾರೆ. ಗ್ರಾಹಕರ ಹಣಕಾಸು ರಕ್ಷಣೆಯ ಸರ್ಕಾರಿ ಸಂಸ್ಥೆ ಸಿಎಫ್‌ಪಿಬಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲ ಬಾರಿ ಕ್ರೆಡಿಟ್ ದಾಖಲೆ ಪಡೆಯುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಬೇರೆಯವರ ಹೆಗಲ ಮೇಲೆ ಏರಿ ಪಡೆಯುತ್ತಾರೆ. ಕಡಿಮೆ ಆದಾಯದ ಬಡಾವಣೆಗಳಲ್ಲಿ ಈ ಪ್ರಮಾಣ ಶೇಕಡಾ 15ರಷ್ಟು, ಹೆಚ್ಚು ಆದಾಯದ ಕಡೆ ಸುಮಾರು ಶೇಕಡಾ 30. ಉಳ್ಳವರ ಮಕ್ಕಳಿಗೆ ಏಣಿ ಮೊದಲೇ ಇಟ್ಟಿರುತ್ತದೆ. ಬಿಳಿಯರ ಬ್ಯಾಂಕುಗಳು ಬಾಗಿಲು ಮುಚ್ಚಿದ್ದ ಕಾಲದಲ್ಲಿ ನಿಮ್ಮೂರಿನ ಕಪ್ಪು ಜನ ಪ್ಯಾರಿಶ್ ಸ್ಟ್ರೀಟಿನಲ್ಲಿ ತಮ್ಮದೇ ಬ್ಯಾಂಕ್ ಕಟ್ಟಿದರು. ಮೆಕ್ಯಾನಿಕ್ಸ್ ಅಂಡ್ ಫಾರ್ಮರ್ಸ್ ಬ್ಯಾಂಕ್ 1907ರಲ್ಲಿ ಸ್ಥಾಪನೆಯಾಯಿತು. 2000ದಲ್ಲಿ ಲ್ಯಾಟಿನೋ ವಲಸಿಗರು ಅಲ್ಲೇ ಲ್ಯಾಟಿನೋ ಕಮ್ಯುನಿಟಿ ಕ್ರೆಡಿಟ್ ಯೂನಿಯನ್ ಎಂಬ ಸಹಕಾರ ಸಂಘ ಕಟ್ಟಿಕೊಂಡರು. ಬ್ಯಾಂಕ್ ಖಾತೆ ಇಲ್ಲದೆ ನಗದು ಇಟ್ಟುಕೊಂಡು ಓಡಾಡುತ್ತಿದ್ದ ಕೂಲಿಯವರನ್ನು ಹಿಡಿದು ದೋಚುತ್ತಿದ್ದ ದಿನಗಳವು. ಇದನ್ನು ಹೇಳುವುದು ನಿಮ್ಮಲ್ಲಿ ತಪ್ಪಿತಸ್ಥ ಭಾವನೆ ಹುಟ್ಟಿಸಲು ಅಲ್ಲ. ಮನೆಯವರ ಕೈಹಿಡಿಯುವುದು ಮನುಷ್ಯಧರ್ಮ. ಆದರೆ ಬೇರೆಯವರಿಗಿಲ್ಲದ ಅನುಕೂಲ ನಮಗಿದೆ ಎಂಬ ಎಚ್ಚರ ಇದ್ದರೆ, ಅದನ್ನು ಮಾರುವ ಆಸೆ ಬರುವುದಿಲ್ಲ.

ತಮ್ಮ ಇವತ್ತೇ ಮಾಡಬಹುದಾದ ಕೆಲಸ ಇದೆ, ಭಾವ ಒಪ್ಪಲಿ ಬಿಡಲಿ. ಡರ್ಹಮ್‌ನ ಸೆಲ್ಫ್-ಹೆಲ್ಪ್‌ನಂಥ ಕ್ರೆಡಿಟ್ ಯೂನಿಯನ್‌ಗಳಲ್ಲೋ ಯಾವುದಾದರೂ ಬ್ಯಾಂಕಿನಲ್ಲೋ ಸೆಕ್ಯೂರ್ಡ್ ಕಾರ್ಡ್ ವಿಚಾರಿಸಲಿ. ಮೂರು ನಾಲ್ಕು ನೂರು ಡಾಲರ್ ಠೇವಣಿ ಇಟ್ಟು ಕಾರ್ಡ್ ಪಡೆದು, ತಿಂಗಳಿಗೆ ಪೆಟ್ರೋಲೋ ಫೋನ್ ಬಿಲ್ಲೋ ಅಷ್ಟೇ ಅದರಲ್ಲಿ ಹಾಕಿ, ಸ್ಟೇಟ್‌ಮೆಂಟ್‌ನಲ್ಲಿ ಬಂದ ಮೊತ್ತ ಪೂರ್ತಿ ಕಟ್ಟಲಿ. ಫೀಕೋ ಸ್ಕೋರ್ ಹುಟ್ಟಲು ಒಂದು ಖಾತೆಗೆ ಆರು ತಿಂಗಳ ವಯಸ್ಸಾದರೆ ಸಾಕು. ಆರು ತಿಂಗಳು ಕಾರಿಲ್ಲದೆ ಆ ಊರಿನಲ್ಲಿ ಇರುವುದು ಕಷ್ಟ ಎಂಬುದನ್ನು ಬಲ್ಲೆ. ಅದಕ್ಕೆ ನಗದು ಕೊಟ್ಟು ಕೊಳ್ಳುವಂಥ ಹಳೆಯ ಕಾರು ಹುಡುಕಲಿ. ಹಣ ಸಾಲದಿದ್ದರೆ ನೀವು ಗಂಡ ಹೆಂಡತಿ ಕೂತು ಮಾತಾಡಿ, ಕೈಲಾದಷ್ಟು ಕೈಸಾಲ ಕೊಡಿ. ಎಷ್ಟು, ಯಾವಾಗ ವಾಪಸ್ಸು ಎಂಬುದನ್ನು ಬರೆದಿಟ್ಟುಕೊಳ್ಳಿ. ನಿಮ್ಮ ತಾಯಿ ಕೇಳಿದ ಸಹಾಯ ಇದರಲ್ಲೂ ಆಗುತ್ತದೆ. ಹೊರಗಿನ ಯಾರಿಗೂ ಇಲ್ಲದ ಭರವಸೆ ಕೊಟ್ಟಂತೆಯೂ ಆಗುವುದಿಲ್ಲ. ತಾಯಿಗೆ ನೀವೇ ಫೋನ್ ಮಾಡಿ ಹೀಗೆ ಹೇಳಿ: "ಅಮ್ಮಾ, ತಮ್ಮನನ್ನು ಬಿಟ್ಟಿಲ್ಲ, ಬೇರೆ ದಾರಿಯಲ್ಲಿ ಮಾಡುತ್ತಿದ್ದೇವೆ."

ಕೊನೆಯದು ನೀವು ಕೇಳದೇ ಇರುವ ವಿಷಯ, ನಿಮ್ಮ ಪತ್ರ ಓದಿದಾಗ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದದ್ದು. ನಿಮ್ಮ ಒಳ್ಳೆಯ ಸ್ಕೋರ್ ನಿಂತಿರುವುದು ಒಂದೇ ಕಾರ್ಡಿನ ಮೇಲೆ, ಅದು ನಿಮ್ಮ ಹೆಸರಿನಲ್ಲಿಲ್ಲ. ಆ ಖಾತೆ ಮುಚ್ಚಿದರೆ, ಅದರಿಂದ ನಿಮ್ಮ ಹೆಸರು ತೆಗೆದರೆ, ಅಥವಾ ದೇವರು ಹಾಗೆ ಮಾಡದಿರಲಿ, ಮನೆಯಲ್ಲಿ ಏನಾದರೂ ಆಗಬಾರದ್ದು ಆದರೆ, ನಿಮ್ಮ ಸ್ಥಿತಿ ಇವತ್ತಿನ ನಿಮ್ಮ ತಮ್ಮನ ಸ್ಥಿತಿಗೆ ಬರಬಹುದು. 1974ರ ಕಾಯ್ದೆ ಬಂದದ್ದು ಹೆಂಗಸರನ್ನು ಈ ಅವಸ್ಥೆಯಿಂದ ಬಿಡಿಸಲು. ನಿಮಗೆ ಸಂಬಳ ಇದೆ, ಸ್ಕೋರ್ ಇದೆ. ಈಗ ಅರ್ಜಿ ಹಾಕಿದರೆ ಸ್ವಂತ ಕಾರ್ಡ್ ಸಿಗುವುದು ಕಷ್ಟವಿಲ್ಲ. ಇದನ್ನು ಓದುತ್ತಿರುವ, ಕೆಲಸಕ್ಕೆ ಹೋಗದ ಹೆಣ್ಣುಮಕ್ಕಳಿಗೂ ಒಂದು ಮಾತು. 21 ವರ್ಷ ದಾಟಿದವರು ತಮ್ಮ ಕೈಗೆ ಸಿಗುವ ಗಂಡನ ಆದಾಯವನ್ನೂ ಕಾರ್ಡಿನ ಅರ್ಜಿಯಲ್ಲಿ ತೋರಿಸಬಹುದು ಎಂದು 2013ರಲ್ಲಿ ನಿಯಮ ತಿದ್ದಿದ್ದಾರೆ. ನಂಬಿಕೆ ಇಲ್ಲವೆಂದು ಗಂಡ ತಪ್ಪು ತಿಳಿದಾರು ಎಂಬ ಸಂಕೋಚ ಬೇಡ. ಅವರಿಗೂ ಇದು ಒಳ್ಳೆಯದೇ. ಮುಂದೆ ಮನೆ ಕೊಳ್ಳುವಾಗ ಇಬ್ಬರ ಇತಿಹಾಸವೂ ಗಟ್ಟಿಯಾಗಿರುತ್ತದೆ.

ತಮ್ಮನಿಗೆ ಭಾವನ ಎದುರು ಕೂರಲು ದಿನ ಗೊತ್ತುಮಾಡಿ. ಆ ಇಬ್ಬರು ಹುಡುಗರಿಗೆ ಆಗುವುದಿಲ್ಲವೆಂದು ಇವತ್ತೇ ಹೇಳಿಬಿಡಿ. ಮೂರೂ ಬ್ಯೂರೋಗಳ ವರದಿ ಆನ್ಯುಯಲ್‌ಕ್ರೆಡಿಟ್‌ರಿಪೋರ್ಟ್ ಎಂಬ ತಾಣದಲ್ಲಿ ಪ್ರತಿ ವಾರ ಉಚಿತವಾಗಿ ಸಿಗುತ್ತದೆ. ನಿಮ್ಮ ವರದಿ ತೆಗೆದು, ಅದರಲ್ಲಿ ನಿಮ್ಮ ಸ್ವಂತ ಖಾತೆ ಎಷ್ಟಿದೆ ಎಂದು ನೋಡಿ, ಈ ತಿಂಗಳು ಮುಗಿಯುವುದರೊಳಗೆ ನಿಮ್ಮ ಹೆಸರಿನಲ್ಲಿ ಒಂದು ಕಾರ್ಡಿಗೆ ಅರ್ಜಿ ಹಾಕಿ.